ಮೇಟ್ರನಮ್ಮನ ಹೊಸ ವಾರ್ಡು

"ನಿನ್ನ ಗಂಡನಿಗೆ ಸ್ವಲ್ಪ ಪಕ್ಕಕ್ಕೆ ಸರಿಯೋಕೆ ಹೇಳು. ಔಷಧಿ ಮುಖಕ್ಕೆ ಬಿದ್ರೆ ಆಮೇಲೆ ನನ್ನ ಮೇಲೆ ಬರುತ್ತೆ," ಎಂದರು ಮೇಟ್ರನಮ್ಮ, ಔಷಧಿಯ ಪಿಚಕಾರಿಯನ್ನು ಬಂದೂಕಿನ ಹಾಗೆ ಎತ್ತಿ ಹಿಡಿದು.

ಅವರ ಅಳಿಯ ಬಾಲ್ಕನಿಯಲ್ಲಿ ಮಂಡಿಯೂರಿ ಕೂತು, ಕೆಲಸದ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು, ಗುಲಾಬಿಯ ಎಲೆಯೊಂದನ್ನು ಮಗುಚಿ ನೋಡುತ್ತಿದ್ದ. ಅವರಿಬ್ಬರ ನಡುವೆ ಕೈಚಾಚಿದರೆ ಸಿಗುವಷ್ಟು ದೂರ. ಆದರೂ ಮಾತು ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಬರಬೇಕಿತ್ತು.

"ರೀ, ಪಕ್ಕಕ್ಕೆ ಸರೀಬೇಕಂತೆ," ಎಂದಳು ಹೆಂಡತಿ ಒಳಗಿನಿಂದ.

"ಈ ಎಲೆ ಮೇಲೆ ಏನೋ ಇದೆ. ನಾನು ನೋಡೋವರೆಗೂ ಹೊಡೀಬಾರದು ಅಂತ ಹೇಳು."

"ಅಮ್ಮಾ, ಎಲೆ ಮೇಲೆ ಏನೋ ಇದೆಯಂತೆ."

"ಏನೋ ಇರೋದಕ್ಕೇ ಔಷಧಿ ಹೊಡೀತಿರೋದು ಅನ್ನು."

ಅಳಿಯ ಆ ಎಲೆಯನ್ನು ಚಿವುಟಿ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಹಿಂದೆಯೇ ಪಿಚಕಾರಿ ಬುಸುಗುಟ್ಟಿತು.

ಆತ ಕಟ್ಟುಹಲ್ಲು ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಊರಿನ ಹಲ್ಲಿನ ಡಾಕ್ಟರುಗಳು ಅಚ್ಚು ಕಳಿಸುತ್ತಿದ್ದರು, ಆತ ಸೆಟ್ಟು ಮಾಡಿ ಕಳಿಸುತ್ತಿದ್ದ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವನು ಹಲ್ಲಯ್ಯ. ಕೆಲವರ ಬಾಯಲ್ಲಿ ಅವನ ಹಲ್ಲೂ ಇತ್ತು. ಎದುರಿಗೆ ಸಿಕ್ಕವರು ನಕ್ಕರೆ ಮೊದಲು ನಗುವನ್ನು ನೋಡುತ್ತಿರಲಿಲ್ಲ, ಕೋರೆಹಲ್ಲಿನ ಓರೆ ನೋಡುತ್ತಿದ್ದ.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಮಂಡಿಯ ಆಪರೇಷನ್ ಆದ ಮೇಲೆ, ನಡೆದಾಡುವ ಹಾಗಾಗುವವರೆಗೆ ಎಂದು ಮಗಳ ಮನೆಗೆ ಬಂದರು. ಜೊತೆಗೆ ಗುಲಾಬಿ ಕುಂಡಗಳೂ ಬಂದವು. ನಡೆದಾಡುವುದೇನೋ ಬೇಗನೆ ಬಂತು. ಹೊರಡುವ ಮಾತು ಮಾತ್ರ ಬರಲಿಲ್ಲ. ಹಲ್ಲಯ್ಯನಿಗೆ ಆಗ ಅದರಿಂದ ಬೇಸರವೂ ಇರಲಿಲ್ಲ. ಬಂದ ಹೊಸದರಲ್ಲಿ ತನ್ನ ಕಸುಬೆಲ್ಲ ಧಾರೆಯೆರೆದು ಅವರಿಗೊಂದು ಹಲ್ಲಿನ ಸೆಟ್ಟು ಮಾಡಿಕೊಟ್ಟ. ಮನೆಗೆ ನೆಂಟರು ಬಂದಿದ್ದ ದಿನ ಅವರು ಅದನ್ನು ಹಾಕಿಕೊಂಡು ಊಟಕ್ಕೆ ಕೂತರು. ಎರಡು ತುತ್ತು ಆಗುವಷ್ಟರಲ್ಲಿ ಬಾಯಿಂದ ತೆಗೆದು, ನೀರಿನ ಲೋಟಕ್ಕೆ ಹಾಕಿ, ಲೋಟವನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಿಟ್ಟರು.

"ಯಾರದೋ ಬಾಯಿಗೆ ಮಾಡಿದ್ದು ದಾರಿ ತಪ್ಪಿ ನನ್ನ ಬಾಯಿಗೆ ಬಂದಿದೆ," ಎಂದರು.

ನೆಂಟರು ನಕ್ಕರು. ಹಲ್ಲಯ್ಯ ಹಲ್ಲು ಕಚ್ಚಿಕೊಂಡ. ಅಂದಿನಿಂದ ಅವನು ಅತ್ತೆಯ ಜೊತೆ ಮಾತು ಬಿಟ್ಟ, ಅತ್ತೆಯೂ ಹಿಂದೆ ಬೀಳಲಿಲ್ಲ. ನಡುವೆ ಸಿಕ್ಕಿಕೊಂಡ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ಅತ್ತಲ ಮಾತು ಇತ್ತ, ಇತ್ತಲ ಮಾತು ಅತ್ತ ದಾಟಿಸುತ್ತ ದಿನ ತಳ್ಳುತ್ತಿದ್ದಳು. ಖಾರದ ಮಾತುಗಳನ್ನು ದಾರಿಯಲ್ಲೇ ಸ್ವಲ್ಪ ತೊಳೆದು ಕಳಿಸುವುದೂ ಇತ್ತು.

ಹೀಗಿರುವಾಗ ಗುಲಾಬಿಗೆ ಹೇನು ಬಿತ್ತು. ಮೊಗ್ಗಿನ ಕುತ್ತಿಗೆಯ ಸುತ್ತ ಹಸಿರು ಹಸಿರಾಗಿ, ಒಂದರ ಬೆನ್ನಿಗೊಂದು ಅಂಟಿಕೊಂಡು, ಅಲ್ಲಾಡದೆ ರಸ ಹೀರುವ ಪುಟಾಣಿ ಗಿಡಹೇನುಗಳು. ಮೇಟ್ರನಮ್ಮ ಅಂಗಡಿಯಿಂದ ಔಷಧಿ ತರಿಸಿ ಹೊಡೆದರು. ಹೇನು ಹೋಗಲಿಲ್ಲ. ಒಂದು ಪಾಲಿಗೆ ಬಗ್ಗದ ರೋಗಕ್ಕೆ ಎರಡು ಪಾಲು ಎಂಬುದು ಅವರ ಲೆಕ್ಕ. ಎರಡು ಪಾಲು ಹೊಡೆದರು. ಎಲೆಗಳು ಸುಟ್ಟು ಸುರುಟಿಕೊಂಡವು. ಹೇನುಗಳು ಮಾತ್ರ ಸ್ನಾನ ಮುಗಿಸಿ ಬಂದವರ ಹಾಗೆ ಇನ್ನಷ್ಟು ಗೆಲುವಾಗಿ ಕಂಡವು.

ಒಂದು ದಿನ ಊಟದ ಹೊತ್ತಿನಲ್ಲಿ ಅವರು ಮಗಳ ಕಡೆ ತಿರುಗಿ, "ಈ ಮನೆ ಗಾಳಿ ಸರಿಯಿಲ್ಲ. ಇಲ್ಲಿ ಏನೂ ಏಳಿಗೆ ಆಗಲ್ಲ. ನನ್ನ ತಂಗಿ ಮನೆ ತಾರಸಿ ಮೇಲೆ ಬೇಕಾದಷ್ಟು ಬಿಸಿಲಿದೆ. ಬರೋ ತಿಂಗಳ ಮೊದಲನೇ ಭಾನುವಾರ ಗಿಡಗಳ ಸಮೇತ ಅಲ್ಲಿಗೆ ಹೋಗ್ತೀನಿ," ಎಂದರು.

ಈ ಮಾತನ್ನು ಯಾರೂ ದಾಟಿಸಬೇಕಾಗಿರಲಿಲ್ಲ. ಹಲ್ಲಯ್ಯನಿಗೆ ಕೇಳಿಸಿತ್ತು. ಎದೆ ಹಗುರಾಗಬೇಕಿತ್ತು, ಯಾಕೋ ಆಗಲಿಲ್ಲ. ಅವನು ಇನ್ನೊಂದು ಸಲ ಅನ್ನ ಬಡಿಸಿಕೊಂಡ.

"ಅಮ್ಮ ಹೇನಿಗೋಸ್ಕರ ಹೋಗ್ತಿಲ್ಲ," ಎಂದಳು ಹೆಂಡತಿ ಆಮೇಲೆ, ಒಣಗಿದ ಬಟ್ಟೆ ಮಡಚುತ್ತ. "ಇರಿ ಅಂತ ನೀವು ಒಂದು ಮಾತು ಅಂದ್ರೆ ಸಾಕು."

"ಹೇನು ಹೋದ್ರೆ ಸಾಕಲ್ಲ? ಹೇನನ್ನ ನಾನು ನೋಡ್ಕೋತೀನಿ ಬಿಡು."

"ಅಷ್ಟು ಹೇನು ಓಡಿಸೋಕಾಗುತ್ತೆ, ಒಂದು ಮಾತು ಆಡೋಕಾಗಲ್ಲ."

ಹೀಗೆ ಬಾಯಿ ಕೊಟ್ಟು ಸಿಕ್ಕಿಬಿದ್ದೇ ಹಲ್ಲಯ್ಯ ಬಾಲ್ಕನಿಯಲ್ಲಿ ಮಂಡಿಯೂರಿದ್ದು. ಜೇಬಿಗೆ ಹಾಕಿಕೊಂಡು ಬಂದ ಎಲೆಯನ್ನು ಅವನು ಮೇಜಿನ ದೀಪದ ಕೆಳಗೆ ಹಿಡಿದು ನೋಡಿದ. ಎಲೆಯ ಬೆನ್ನಿನಿಂದ ಕೂದಲಿನಷ್ಟು ತೆಳುವಾದ ಎಳೆಗಳು ನೆಟ್ಟಗೆ ನಿಂತಿದ್ದವು. ಒಂದೊಂದು ಎಳೆಯ ತುದಿಯಲ್ಲೂ ಒಂದೊಂದು ಬಿಳಿ ಕಾಳು. ಬೂಷ್ಟೋ, ರೋಗವೋ, ಯಾರಾದರೂ ಕೂತು ಪೋಣಿಸಿದ್ದೋ ತಿಳಿಯಲಿಲ್ಲ.

ಮಾರನೆಯ ದಿನ ಸಸಿಯಂಗಡಿಯವನು ಬಂದ. ಮುಂದಿನ ಹಲ್ಲು ಮುರಿದುಕೊಂಡಿದ್ದ ಅವನನ್ನು ಡಾಕ್ಟರು ಬಣ್ಣ ಹೊಂದಿಸಿ ನೋಡಲು ಕಳಿಸಿದ್ದರು. ಆ ಸಂದಿಯಿಂದ ಗಾಳಿ ನುಗ್ಗಿ ಮಾತಿನಲ್ಲೆಲ್ಲ ಸಿಳ್ಳೆ ಬೆರೆಯುತ್ತಿತ್ತು. ಎಲೆ ನೋಡಿದ್ದೇ ಅವನು ತೆರೆದ ಬಾಯಿ ಮುಚ್ಚಿದ.

"ಬಿಶಾಕಬೇಡಿ ಶಾರ್. ಇದು ಜಾಲರೆಕ್ಕೆ ಹುಳದ ಮೊಟ್ಟೆ. ಮರಿಗಳು ಹೇನು ತಿನ್ನೋದ್ರಲ್ಲಿ ರಾಕ್ಷಶರು."

"ಮೊಟ್ಟೆ ಯಾಕಪ್ಪ ಹೀಗೆ ಕಂಬದ ಮೇಲೆ?"

"ಇಲ್ಲಾಂದ್ರೆ ಮೊದಲು ಹುಟ್ಟಿದ ಮರಿ ಪಕ್ಕದ ಮೊಟ್ಟೆನೇ ತಿಂದು ಮುಗಿಶುತ್ತೆ. ಒಡಹುಟ್ಟಿದವರು ಅನ್ನೋ ಕರುಣೆ ಅವಕ್ಕಿಲ್ಲ ಶಾರ್."

"ಮನುಷ್ಯರನ್ನ ಕಚ್ಚುತ್ತಾ?"

"ಛೆ, ಛೆ. ಬಹಳ ಶಾಧು."

ಮೇಟ್ರನಮ್ಮ ಪಿಚಕಾರಿ ಹಿಡಿದು ಬರುವ ಮುನ್ನವೇ ಹಲ್ಲಯ್ಯ ಬೆಳಿಗ್ಗೆ ಎದ್ದು ಕುಂಡಗಳನ್ನೆಲ್ಲ ಜಾಲಾಡಿ, ಕಾಳು ನಿಂತ ಎಲೆಗಳನ್ನು ಆರಿಸಿ ತಂದು, ಹಲ್ಲಿನ ಸೆಟ್ಟು ಇಡುವ ಡಬ್ಬಿಗಳಲ್ಲಿ ಹಾಕಿಟ್ಟ. ಕೆಲವು ದಿನಕ್ಕೆ ಬಿಳಿ ಕಾಳುಗಳು ಬೂದಿಬಣ್ಣಕ್ಕೆ ತಿರುಗಿದವು. ಆಮೇಲೆ ಒಂದು ಡಬ್ಬಿಯಲ್ಲಿ ದೂಳಿನಂಥ ಮರಿಗಳು ಎಳೆ ಹಿಡಿದುಕೊಂಡು ಕೆಳಗಿಳಿಯುತ್ತಿರುವುದು ಕಂಡಿತು. ಸಂತೋಷದಿಂದ ಮುಚ್ಚಳ ಹಾಕಿದ. ಮಾರನೆಯ ದಿನ ತೆರೆದರೆ ಅಲ್ಲಿದ್ದದ್ದು ಒಂದೇ ಮರಿ. ಅದರ ಹೊಟ್ಟೆ ಉಬ್ಬಿತ್ತು, ಮುಖದಲ್ಲಿ ಯಾವ ಪಶ್ಚಾತ್ತಾಪವೂ ಇರಲಿಲ್ಲ.

ಮಿಕ್ಕ ಡಬ್ಬಿಗಳ ಮರಿಗಳನ್ನಾದರೂ ಉಳಿಸಬೇಕೆಂದು ಅವನು ಕೃತಕ ಹಲ್ಲುಗಳನ್ನು ಅಳತೆವಾರು ವಿಂಗಡಿಸಿಡುವ ತಟ್ಟೆಯನ್ನು ಖಾಲಿ ಮಾಡಿದ. ಬಾಚಿಹಲ್ಲಿನ ಮನೆಗೊಂದು, ದವಡೆಹಲ್ಲಿನ ಮನೆಗೊಂದು ಎಂದು ಮರಿಗಳನ್ನು ಬೇರೆ ಬೇರೆ ಬಿಟ್ಟು ಮೇಲೆ ಗಾಜು ಮುಚ್ಚಿದ. ಭೂತಗನ್ನಡಿಯಲ್ಲಿ ನೋಡಿದರೆ ಅವು ಮೊಸಳೆಯ ಮರಿಗಳ ಹಾಗಿದ್ದವು. ಬಾಯಿಯ ಮುಂದೆ ಎರಡು ಕುಡುಗೋಲು ಎದುರುಬದುರಾಗಿ ಬಾಗಿದ್ದವು. ಅವು ಅಗಿಯುತ್ತಿರಲಿಲ್ಲ, ಜಗಿಯುತ್ತಿರಲಿಲ್ಲ. ಹೇನಿನ ಹೊಟ್ಟೆಗೆ ಆ ಟೊಳ್ಳು ಕೊಂಡಿಗಳನ್ನು ಚುಚ್ಚಿ, ಎಳನೀರು ಹೀರಿದ ಹಾಗೆ ಹೀರಿ, ಸಿಪ್ಪೆ ಬಿಸಾಡುತ್ತಿದ್ದವು. ಒಂದೂ ಹಲ್ಲಿಲ್ಲದೆ ಇಷ್ಟು ಸೊಗಸಾಗಿ ಊಟ ಮಾಡಬಹುದು ಎಂಬುದು ಅವನ ಕಸುಬಿಗೆ ಅಷ್ಟೇನೂ ಒಳ್ಳೆಯ ಸುದ್ದಿಯಾಗಿರಲಿಲ್ಲ. ಆದರೂ ಮೆಚ್ಚದೆ ಇರಲಾಗಲಿಲ್ಲ.

ಊಟ ಒದಗಿಸುವುದೇ ಈಗ ದೊಡ್ಡ ಕೆಲಸವಾಯಿತು. ಹಲ್ಲಿಗೆ ಬಣ್ಣ ಕೊಡುವ ಸಣ್ಣ ಕುಂಚ ಹಿಡಿದು ಅವನು ಬಾಲ್ಕನಿಗೆ ಹೋಗಿ ಮೊಗ್ಗಿನಿಂದ ಹೇನುಗಳನ್ನು ಗುಡಿಸಿ ತರುತ್ತಿದ್ದ. ಕಿಟಕಿಯಿಂದ ಇದನ್ನು ಕಂಡ ಮೇಟ್ರನಮ್ಮ, "ನಿನ್ನ ಗಂಡ ಗುಲಾಬಿಗೆ ಬಣ್ಣ ಬಳೀತಿದ್ದಾರೆ. ಒಮ್ಮೆ ಯಾರಿಗಾದ್ರೂ ತೋರಿಸು," ಎಂದು ಮಗಳಿಗೆ ಹೇಳಿದರು. ಬಹಳ ಸಾಧುವೆಂದು ಹೆಸರಾದ ಮರಿಯೊಂದು ಅದೇ ದಿನ ಹಲ್ಲಯ್ಯನ ಹೆಬ್ಬೆರಳಿಗೆ ಕೊಂಡಿ ಹಾಕಿತು.

ಡಾಕ್ಟರ ಫೋನು ಬಂದದ್ದು ಅದಾದ ಸ್ವಲ್ಪ ದಿನಕ್ಕೆ.

"ಏನ್ರೀ, ಸೆಟ್ಟು ಕಳಿಸಿ ಅಂದ್ರೆ ಪ್ರಾಣಿ ಕಳಿಸಿದ್ದೀರಲ್ಲ."

"ಪ್ರಾಣಿನಾ ಸಾರ್?"

"ಡಬ್ಬಿ ತೆಗೆದ್ರೆ ಹಲ್ಲಿನ ಮೇಲೆ ಓಡಾಡ್ತಾ ಇದೆ. ಪಾಪ, ಆ ಯಜಮಾನರು ಬಾಯಿ ತೆರೆದುಕೊಂಡು ಕೂತಿದ್ರು. ಈಗ ಬಾಯಿ ತೆರೆಯಲ್ಲ ಅಂತಿದ್ದಾರೆ. ನೀವೇ ಬಂದು ಸಮಾಧಾನ ಹೇಳಿ."

ತಟ್ಟೆಯ ಗಾಜು ಒಂದು ಮೂಲೆಯಲ್ಲಿ ಸರಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಹಲ್ಲಯ್ಯ ಚಪ್ಪಲಿ ಮೆಟ್ಟಿಕೊಂಡು ಓಡಿದ. ಯಜಮಾನರಿಗೆ ಕೈಮುಗಿದು, ಸೆಟ್ಟನ್ನು ಅವರ ಕಣ್ಣೆದುರಿಗೇ ಕುದಿಯುವ ನೀರಿನಲ್ಲಿ ತೊಳೆಯಹೋದಾಗ ಡಾಕ್ಟರು, "ಕುದಿಸಿದ್ರೆ ಸೊಟ್ಟಗಾಗುತ್ತೆ ಕಣ್ರೀ, ನಿಮಗೆ ನಾನು ಹೇಳಬೇಕಾ?" ಎಂದು ಗದರಿಸಿ ತಡೆದರು. ಅವನಿಗೆ ಅಷ್ಟು ಗಾಬರಿಯಾಗಿತ್ತು. ಹತ್ತಿಯಲ್ಲಿ ಅಡಗಿದ್ದ ಮರಿಯನ್ನು ಹಿಡಿದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಟ ಮೇಲೆ ಬೀದಿಯಲ್ಲಿ ಇನ್ನೊಂದು ವಿಷಯ ಹೊಳೆಯಿತು. ಅವಸರದಲ್ಲಿ ಕೋಣೆಯ ಬಾಗಿಲು ತೆರೆದೇ ಬಿಟ್ಟುಬಂದಿದ್ದ. ಇದು ಅತ್ತೆ ಪಿಚಕಾರಿ ಹಿಡಿದು ಓಡಾಡುವ ಹೊತ್ತು.

ಮನೆ ಸೇರಿದಾಗ ಮೇಟ್ರನಮ್ಮ ಅವನ ಸ್ಟೂಲಿನ ಮೇಲೆ ಕೂತಿದ್ದರು. ಪಿಚಕಾರಿ ಪಕ್ಕದಲ್ಲೇ ನೆಲದ ಮೇಲಿತ್ತು. ಕಣ್ಣಿಗೆ ಅವನ ಭೂತಗನ್ನಡಿ, ಕೈಯಲ್ಲಿ ಅವನ ಕುಂಚ. ಗಾಜು ಪಕ್ಕಕ್ಕೆ ಸರಿದಿತ್ತು.

"ಏನು ಮಾಡಿದ್ರಿ?" ಎಂದ ಹಲ್ಲಯ್ಯ. ದನಿ ಕೀರಲಾಗಿತ್ತು.

"ಊಟ ಹಾಕ್ದೆ. ಪಾಪ, ಹಸಿದು ಗಾಜು ಪರಚ್ತಾ ಇದ್ವು. ಇಲ್ಲಿ ಕೊನೇ ಮನೇಲಿ ಇರೋದು ಏನೂ ಮುಟ್ತಿಲ್ಲ. ಯಾವಾಗಿಂದ ಹೀಗೆ?"

"ಅದು ಚರ್ಮ ಬಿಡ್ತಾ ಇದೆ. ಆಗ ತಿನ್ನಲ್ಲ. ಸುಮ್ನೆ ಬಿಡಿ ಅದನ್ನ."

"ಜ್ವರ ಏನಿಲ್ಲ ತಾನೆ?"

"ಹುಳಕ್ಕೆ ಜ್ವರ ಬರಲ್ಲ ಅತ್ತೆ."

ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಏನಾಯಿತೆಂದು ಗೊತ್ತಾಯಿತು. ಅಡುಗೆಮನೆಯಿಂದ ಬರುತ್ತಿದ್ದ ಪಾತ್ರೆಯ ಸದ್ದು ನಿಂತಿತ್ತು. ಹೆಂಡತಿ ಬಾಗಿಲಲ್ಲಿ ಬಂದು ಒದ್ದೆಕೈಯಲ್ಲೇ ನಿಂತು, "ಹಾಗಾದ್ರೆ ನನ್ನ ಕೆಲಸ ಹೋಯ್ತು," ಎಂದಳು. ಹಲ್ಲಯ್ಯ ಬೆಂಕಿಪೆಟ್ಟಿಗೆ ತೆರೆದು ಡಾಕ್ಟರ ಹತ್ತಿರ ಹೋಗಿಬಂದ ಮರಿಯನ್ನು ಅದರ ಮನೆಗೆ ಬಿಟ್ಟ. ಮೇಟ್ರನಮ್ಮ ಅದಕ್ಕೊಂದು ಹೇನು ಕೊಟ್ಟರು.

ಎದ್ದು ಹೊರಡುವಾಗ ಬಾಗಿಲ ಬಳಿ ತಡೆದು ನಿಂತು, ಗೋಡೆ ನೋಡುತ್ತ, "ಎಡಗಡೆ ಕೆಳಗಿನದು ವಸಡಿಗೆ ಒತ್ತುತ್ತೆ. ಅಷ್ಟೇ. ಮಿಕ್ಕಿದ್ದೇನೂ ತೊಂದರೆ ಇಲ್ಲ," ಎಂದರು.

"ಅವತ್ತೇ ಹೇಳಬಾರದಿತ್ತಾ?"

"ಕೇಳೋ ಮುಖ ಇಟ್ಕೊಂಡಿದ್ರಾ ನೀವು?"

ಸೆಟ್ಟನ್ನು ಹಳೆಯ ಲೋಟದ ಸಮೇತ ತಂದುಕೊಟ್ಟರು. ಹಲ್ಲಯ್ಯ ಚಕ್ರಕ್ಕೆ ಹಿಡಿದು ಒಂದು ಉಗುರಿನ ಅಂಚಿನಷ್ಟು ಸವೆಸಿದ. ಆ ಒತ್ತು ಡಾಕ್ಟರು ಅಚ್ಚು ತೆಗೆಯುವಾಗಲೇ ಬಂದದ್ದೆಂದು ಅವನಿಗೆ ನೋಡಿದ ತಕ್ಷಣ ತಿಳಿಯಿತು, ಹೇಳಲು ಹೋಗಲಿಲ್ಲ. ಮೇಟ್ರನಮ್ಮ ಹಾಕಿಕೊಂಡು ದವಡೆ ಅತ್ತಿತ್ತ ಆಡಿಸಿ, "ಹೂಂ," ಎಂದರು. ಅವರಿಂದ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರಿಗೂ ಸಿಕ್ಕಿದ್ದಿಲ್ಲ.

ಆವತ್ತಿನಿಂದ ಮುಂದಿನ ಕೋಣೆ ವಾರ್ಡಾಯಿತು. ಕೈ ತೊಳೆಯದೆ ಒಳಗೆ ಬರುವಂತಿಲ್ಲ. ಕೋಣೆಯ ಯಜಮಾನನೂ ಬರುವಂತಿಲ್ಲ. ಮಧ್ಯಾಹ್ನ ಮರಿಗಳು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿನಲ್ಲಿ ಹಲ್ಲು ಉಜ್ಜುವ ಚಕ್ರ ತಿರುಗಿಸುವಂತಿಲ್ಲ. ಹೇನು ತಿನ್ನುವಾಗ ಯಾರಾದರೂ ಬಗ್ಗಿ ನೋಡಿದರೆ, "ಅವು ಊಟ ಮಾಡುವಾಗ ದೃಷ್ಟಿ ಹಾಕಬೇಡಿ, ಗಾಳಿ ಬಿಡಿ," ಎಂದು ಗದರಿಕೆ. ಹೆರಿಗೆ ವಾರ್ಡಿನಲ್ಲಿ ಎಷ್ಟೋ ಗಂಡಂದಿರನ್ನು ಹೊರಗೆ ಅಟ್ಟಿದ ಆ ದನಿಗೆ ಹಲ್ಲಯ್ಯನೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಪಿಚಕಾರಿಯನ್ನು ಅವರೇ ತೊಳೆದು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಲು ಇಟ್ಟುಕೊಂಡರು.

ಮರಿಗಳು ಬೆಳೆದ ಮೇಲೆ ಇಬ್ಬರೂ ಸೇರಿ ಕುಂಚದ ತುದಿಯಲ್ಲಿ ಒಂದೊಂದನ್ನೇ ಎತ್ತಿ ಗುಲಾಬಿಗಳ ಮೇಲೆ ಬಿಟ್ಟರು. ಗಿಡಕ್ಕಿಷ್ಟು ಎಂದು ಮೇಟ್ರನಮ್ಮನೇ ಹಂಚಿದರು. ಹೇನು ಒಸರುವ ಸಿಹಿಗೆ ಬಾಯಿ ಹಾಕಿದ್ದ ಇರುವೆಗಳು ಇದನ್ನು ಸಹಿಸಲಿಲ್ಲ. ಮರಿಗಳ ಕಾಲು ಕಚ್ಚಿ ಎಳೆಯತೊಡಗಿದವು. ಮೇಟ್ರನಮ್ಮ ಮನೆಯ ತಟ್ಟೆಗಳಿಗೆಲ್ಲ ನೀರು ತುಂಬಿ ಕುಂಡಗಳನ್ನು ಅದರೊಳಗೆ ಇರಿಸಿ ದಾರಿ ಕಡಿದರು. ಆವತ್ತು ಸಂಜೆ ಮೂವರೂ ಬಟ್ಟಲಿನಲ್ಲಿ ಊಟ ಮಾಡಿದರು. ಮತ್ತೊಂದು ದಿನ ಎಲೆಯ ಮೇಲಿದ್ದ ಕಸದ ಉಂಡೆಯನ್ನು ಅವರು ಒರೆಸಲು ಹೋದರೆ ಕಸವೇ ಎದ್ದು ನಡೆಯಿತು. ಅದೇ ಬಳಗದ ಬೇರೆ ಜಾತಿಯದು. ತಿಂದ ಹೇನುಗಳ ಸಿಪ್ಪೆಯನ್ನೆಲ್ಲ ಬೆನ್ನ ಮೇಲೆ ಹೇರಿಕೊಂಡು ವೇಷ ಮರೆಸಿಕೊಂಡಿತ್ತು. "ಸ್ನಾನ ಇಲ್ಲ, ಏನಿಲ್ಲ. ಇದರ ತಾಯಿ ಯಾರೋ," ಎಂದು ಮೂಗು ಮುರಿದರೂ ಅದಕ್ಕೂ ಒಂದು ಮೊಗ್ಗು ಬಿಟ್ಟುಕೊಟ್ಟರು.

ಮೊಗ್ಗುಗಳ ಕುತ್ತಿಗೆ ಬರಿದಾಗುತ್ತ ಬಂತು. ಸುಟ್ಟ ಕೊಂಬೆಗಳ ಬುಡದಲ್ಲಿ ಕೆಂಪು ಚಿಗುರು ಕಂಡಿತು. ಹೊರಡುವ ಮಾತನ್ನು ಯಾರೂ ಎತ್ತಲಿಲ್ಲ, ಬೇಡವೆಂದೂ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಮರಿಗಳು ಒಂದೊಂದಾಗಿ ಮಾಯವಾದವು. ಮೇಟ್ರನಮ್ಮ ಕಂಗಾಲಾಗಿ ಎಲೆ ಎಲೆ ಮಗುಚಿದಾಗ ಸಿಕ್ಕಿದ್ದು ಬಿಳಿ ನೂಲಿನ ಉಂಡೆಗಳು. ಮೆಣಸಿನ ಕಾಳಿನಷ್ಟು ದಪ್ಪ, ಗುಂಡಗೆ, ಎಲೆಯ ಮಡಿಕೆಗೆ ಅಂಟಿಕೊಂಡಿದ್ದವು.

"ಗೂಡು ಕಟ್ಟಿ ಮಲಗಿವೆ," ಎಂದ ಹಲ್ಲಯ್ಯ, ಮೊದಲೇ ಸಸಿಯಂಗಡಿಯವನನ್ನು ವಿಚಾರಿಸಿ ಬಂದಿದ್ದವನು. "ಒಳಗೇ ರೆಕ್ಕೆ ಬರುತ್ತಂತೆ."

"ಇವಕ್ಕೆ ರೆಕ್ಕೆನಾ?" ಎಂದರು ಮೇಟ್ರನಮ್ಮ. ಅವರಿಗೆ ನಂಬಿಕೆ ಬರಲಿಲ್ಲ.

ಭಾನುವಾರ ಬಂದೇ ಬಂತು. ಜೊತೆಗೆ ಅವರ ತಂಗಿ ಒಂದು ಸಾಮಾನಿನ ವ್ಯಾನು ತೆಗೆದುಕೊಂಡು ಬಂದರು. ತಂಗಿಯದು ಗಡಿಬಿಡಿಯ ಸ್ವಭಾವ. ಕೂರುವುದಕ್ಕೂ ಮುಂಚೆ ಎರಡು ಕುಂಡ ಎತ್ತಲು ಬಗ್ಗಿದ್ದರು.

"ಮುಟ್ಟಬೇಡ," ಎಂದರು ಮೇಟ್ರನಮ್ಮ. "ಈ ಸ್ಥಿತೀಲಿ ಅವನ್ನ ಕದಲಿಸೋ ಹಾಗಿಲ್ಲ."

"ಯಾವ ಸ್ಥಿತಿ?"

"ದಿನ ತುಂಬಿದೆ. ವ್ಯಾನಿನಲ್ಲಿ ಕುಲುಕಿದ್ರೆ ಏನಾದ್ರೂ ಹೆಚ್ಚುಕಡಿಮೆ ಆಗುತ್ತೆ."

ತಂಗಿ ಗಿಡ ನೋಡಿದರು, ಅಕ್ಕನ ಮುಖ ನೋಡಿದರು, ಆಮೇಲೆ ಅಕ್ಕನ ಮಗಳ ಕಡೆ ತಿರುಗಿ ಕಣ್ಣಲ್ಲೇ ಏನೋ ಕೇಳಿದರು. ಅವಳು ತುಟಿ ಬಿಗಿಹಿಡಿದಿದ್ದಳು.

"ಸರಿ, ಗಿಡ ಇಲ್ಲೇ ಇರಲಿ. ಹೆತ್ತಾದ ಮೇಲೆ ಬಂದು ಒಯ್ತೀನಿ. ನೀನು ಹತ್ತು," ಎಂದರು ತಂಗಿ. "ಬಾಡಿಗೆ ವ್ಯಾನು, ಕಾಯಲ್ಲ. ನಿನಗೆ ಕೋಣೆ ಎಲ್ಲ ಗುಡಿಸಿ ಇಟ್ಟಿದ್ದೀನಿ."

ಮೇಟ್ರನಮ್ಮ ಶಾಲು ಸರಿಮಾಡಿಕೊಂಡರು, ಕುಂಡದ ಮಣ್ಣನ್ನು ಬೆರಳಿನಿಂದ ಒತ್ತಿ ಒದ್ದೆಯಿದೆಯೇ ನೋಡಿದರು, ಕೈ ಒರೆಸಿಕೊಂಡರು. ಮಾಡಬೇಕಾದದ್ದೆಲ್ಲ ಮುಗಿಯಿತು. ಒಳಗೆ ಹೋಗಿ ಚೀಲ ತಂದರು. ಅದು ಮೊದಲೇ ತುಂಬಿ ಇಟ್ಟಿದ್ದ ಚೀಲ.

ಹೆಂಡತಿ ಗಂಡನನ್ನು ನೋಡಿದಳು. ಹಲ್ಲಯ್ಯ ಬಾಯಿ ತೆರೆದ. ಬೇರೆಯವರ ಬಾಯಿ ತೆರೆಸುವುದರಲ್ಲಿ ಎತ್ತಿದ ಕೈ ಅವನದು. ತನ್ನದನ್ನು ತೆರೆದು ಹಾಗೇ ನಿಂತ. ಹೇನು ಇನ್ನೂ ಪೂರ್ತಿ ಹೋಗಿಲ್ಲ ಎನ್ನೋಣವೇ ಎಂದುಕೊಂಡ. ಇರುವೆ ಮತ್ತೆ ಬರಬಹುದು ಎನ್ನೋಣವೇ ಎಂದುಕೊಂಡ. ಅತ್ತೆ ಬಾಗಿಲು ದಾಟಿ ಮೆಟ್ಟಿಲ ಕಟಕಟೆಗೆ ಕೈ ಹಾಕಿದ್ದರು.

"ಹೋಗಬೇಡಿ ಅತ್ತೆ. ಇಲ್ಲೇ ಇರಿ," ಎಂದ.

ಮೇಟ್ರನಮ್ಮ ತಿರುಗಲಿಲ್ಲ. "ಹುಳಗಳಿಗೋಸ್ಕರ ಹೇಳ್ತಿದ್ದೀರಾ?"

"ಇಲ್ಲ. ನಾನೇ ಹೇಳ್ತಿರೋದು."

"ಮತ್ತೆ ಮೂತಿ ಊದಿಸ್ಕೊಂಡು ಓಡಾಡೋದಿಲ್ಲ ತಾನೆ?"

"ಅದು ಹೇಳೋಕಾಗಲ್ಲ," ಎಂದ ಹಲ್ಲಯ್ಯ. ಸುಳ್ಳು ಹೇಳಲು ಅದು ಹೊತ್ತಲ್ಲ ಅನ್ನಿಸಿತ್ತು.

ಮೇಟ್ರನಮ್ಮ ಕಟಕಟೆಯಿಂದ ಕೈ ತೆಗೆದರು. "ಮಂಡಿ ನೋಯ್ತಿದೆ. ಇಷ್ಟು ಮೆಟ್ಟಿಲು ಇವತ್ತು ಇಳಿಯೋಕಾಗಲ್ಲ ನನ್ನ ಕೈಲಿ," ಎಂದು ತಂಗಿಗೆ ಹೇಳಿ, ಚೀಲವನ್ನು ಅಳಿಯನ ಕೈಗೆ ಕೊಟ್ಟು ಒಳಗೆ ಬಂದರು. ತಂಗಿ ಅರ್ಧ ಗಂಟೆ ಗೊಣಗಿ, ಕಾಫಿ ಕುಡಿದು, ಗೂಡಿಲ್ಲದ ಒಂದು ಕುಂಡವನ್ನು ಹಟ ಹಿಡಿದು ತೆಗೆದುಕೊಂಡು, ಖಾಲಿ ವ್ಯಾನಿನ ಚಾಲಕನ ಪಕ್ಕ ಕೂತು ಹೊರಟರು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಸಂಜೆ ಮೇಟ್ರನಮ್ಮ ಬಾಲ್ಕನಿಯ ಕಂಬಿಯ ಮೇಲೆ ತೋಳಿಟ್ಟು ಕೂತಿದ್ದಾಗ ಪಕ್ಕದ ಗುಲಾಬಿಯಲ್ಲಿ ಒಂದು ಉಂಡೆಯ ಮುಚ್ಚಳ ಡಬ್ಬಿಯ ಮುಚ್ಚಳದ ಹಾಗೆ ದುಂಡಗೆ ಬಿಚ್ಚಿಕೊಂಡಿತು. ಒಳಗಿನಿಂದ ಮುದುಡಿದ ಹಸಿರು ಜೀವವೊಂದು ತೆವಳಿ ಬಂದು, ಕೊಂಬೆ ಬಿಟ್ಟು, ಹತ್ತಿರದಲ್ಲಿ ಸಿಕ್ಕಿದ ಅವರ ಸ್ವೆಟರಿನ ತೋಳನ್ನು ಹತ್ತಿತು. ಅಲ್ಲಿ ಉಣ್ಣೆಯನ್ನು ಹಿಡಿದು ನಿಂತು ಕೊನೆಯ ಪೊರೆಯನ್ನು ಕಳಚಿತು. ಬೆನ್ನ ಮೇಲೆ ಮುದ್ದೆಯಾಗಿದ್ದದ್ದು ಬಹಳ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಗಾಜಿನಷ್ಟು ತೆಳುವಾದ ರೆಕ್ಕೆ, ಅದರ ತುಂಬ ಹಸಿರು ನರಗಳ ಬಲೆ. ಕಣ್ಣು ಚಿನ್ನದ ಬಣ್ಣದ್ದು.

"ಇದು ಅದೇನಾ?" ಎಂದರು ಮೇಟ್ರನಮ್ಮ ಪಿಸುದನಿಯಲ್ಲಿ.

"ಅದೇ," ಎಂದ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಹಲ್ಲಯ್ಯ. ಮುಟ್ಟಲು ಬೆರಳು ಚಾಚಿದ.

"ಕೈ ತೆಗೀರಿ. ಇನ್ನೂ ಒದ್ದೆ ಇದೆ."

ಒಳಗೆ ಫೋನು ಹೊಡೆದುಕೊಂಡು ನಿಂತಿತು. ಹೆಂಡತಿ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು. ಬೀದಿಯಲ್ಲಿ ದೀಪಗಳು ಹೊತ್ತಿಕೊಂಡವು. ಮೇಟ್ರನಮ್ಮ ತೋಳನ್ನು ಕಂಬಿಯ ಮೇಲೆ ಹಾಗೆಯೇ ಚಾಚಿಕೊಂಡು, ಉಸಿರನ್ನು ಪಕ್ಕಕ್ಕೆ ಬಿಡುತ್ತ, ರೆಕ್ಕೆಗಳು ಒಣಗುವುದನ್ನು ಕಾಯುತ್ತ ಕೂತಿದ್ದರು.